ಬಾ ಅನ್ನುವವರೆಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಕೆಡವಿ ನೋಡು ಅಂತ ಯಾರೂ ಹೇಳಿಲ್ಲ. ನಮ್ಮ ಹೊಟ್ಟೆಪಾಡು ಅದೇ. ಅಪ್ಪ ಮೂವತ್ತು ವರ್ಷ ಹಾರೆ, ಸುತ್ತಿಗೆ ಹಿಡಿದು ಹಳೆ ಮನೆ ಕೆಡವಿದ. ಈಗ ನಾನು ಯಂತ್ರ ಇಟ್ಟು ಕೆಡವಿಸುತ್ತೇನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಯಾರಾದರೂ ನನ್ನೆದುರು ಹೇಳಿ ನಕ್ಕರೆ ಮೈ ಉರಿಯುತ್ತದೆ. ದೊಣ್ಣೆಗೂ ಕೆಲಸ ಗೊತ್ತಿರಬೇಕು ಸ್ವಾಮಿ. ಯಾವ ಗೋಡೆ ಮೊದಲು, ಯಾವ ತೊಲೆ ಕೊನೆಗೆ ಅನ್ನುವುದು ತಿಳಿಯದವನು ಕೈ ಹಾಕಿದರೆ ಪಕ್ಕದ ಮನೆಯೂ ಕೂತುಬಿಡುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅಂತ ನಮ್ಮ ಕೆಲಸದವರು ಆಡಿಕೊಳ್ಳುತ್ತಾರೆ. ಇರಲಿ. ಮನೆ ಕೆಡವುವ ಜಾಗದಲ್ಲಿ ನಯವಾಗಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಅಪ್ಪ, ಅಮ್ಮ, ನಾನು. ಆ ಮನೆಯಲ್ಲಿ ಅಮ್ಮ ಮಾಡಿದ್ದು ಒಂದೇ ಕಾಯಿದೆ. ಮುಚ್ಚಿದ ಬಾಗಿಲನ್ನು ತಟ್ಟದೆ ಯಾರೂ ತೆಗೆಯಬಾರದು. ಬೀದಿ ಬಾಗಿಲಾಗಲಿ, ಒಳಕೋಣೆಯದಾಗಲಿ, ಎರಡು ಸಲ ಬೇಗ ತಟ್ಟಬೇಕು, ಸ್ವಲ್ಪ ತಡೆದು ಇನ್ನೊಂದು. ಆಮೇಲೆ "ನಾನು" ಅನ್ನಬೇಕು. ಒಳಗಿಂದ "ಬಾ" ಅಂತ ಬರುವವರೆಗೆ ನಿಂತಿರಬೇಕು. ನಾನು ನಾಲ್ಕು ವರ್ಷದವಳು, ಒಳಗೆ ಬೊಂಬೆಗೆ ತಲೆ ಬಾಚುತ್ತಿದ್ದರೂ ಅಮ್ಮ ತಟ್ಟಿ, ಕಾದು, ನಾನು ಬಾ ಅಂದ ಮೇಲೆಯೇ ಬರುತ್ತಿದ್ದಳು. ಎರಡು ಕೋಣೆಗೆ ಅರಮನೆಯ ದರ್ಬಾರು ಅಂತ ಅಕ್ಕಪಕ್ಕದವರು ನಗುತ್ತಿದ್ದರು. "ಒಳಗಿರೋರು ಎಷ್ಟು ಚಿಕ್ಕೋರಾದ್ರೂ ಒಳಗಿರೋರೇ ಕಣ್ರೀ" ಅನ್ನುತ್ತಿದ್ದಳು ಅಮ್ಮ. ಮತ್ತೊಂದು ಮಾತು. ಒಳಗಿದ್ದವರು "ಯಾರು" ಅಂತ ಕೇಳುವ ಹಾಗಿರಲಿಲ್ಲ. ಮನೆಯವರು ತಟ್ಟಿದ್ದು ಮನೆಯವರಿಗೆ ಗೊತ್ತಾಗದಿದ್ದರೆ ಅದೆಂಥ ಮನೆ ಅಂತ ಅವಳ ವಾದ.

ಅಪ್ಪ ಅದನ್ನು ಕೆಲಸಕ್ಕೂ ಹೊತ್ತುಕೊಂಡು ಹೋದ. ಯಾವ ಮನೆಯನ್ನೇ ಕೆಡವಲಿ, ಮೊದಲ ಏಟಿಗೆ ಮುಂಚೆ ಬೀದಿ ಬಾಗಿಲಿಗೆ ಹೋಗಿ ತಟ್ಟುತ್ತಿದ್ದ. "ನಾನು" ಅಂತ ಹೇಳಿ ಕಾಯುತ್ತಿದ್ದ. ಹೀಗೆ ಮೂರು ಸಲ. ಆಮೇಲೆ ತಿರುಗಿ, "ಯಾರೂ ಬಾ ಅನ್ಲಿಲ್ಲ. ಇನ್ನು ಇದು ಮನೆ ಅಲ್ಲ, ಇಟ್ಟಿಗೆ. ಹಿಡೀರಿ ಹಾರೆ" ಅನ್ನುತ್ತಿದ್ದ. ಜೊತೆಯವರು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರಂತೆ. ಒಂದು ಸಲ ಹಾಗೆ ತಟ್ಟಿದಾಗ ಒಳಗಿಂದ ಬೈಗುಳ ಬಂತು. ಯಾರೋ ಪುಣ್ಯಾತ್ಮ ಕುಡಿದು ಬಂದು ಖಾಲಿ ಮನೆಯ ಅಟ್ಟದಲ್ಲಿ ಮಲಗಿದ್ದ. ಅವತ್ತಿನಿಂದ ಯಾರೂ ನಗಲಿಲ್ಲ.

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಕೆಲಸ ನನಗೆ ಬಂತು, ಕೆಲಸದ ಜೊತೆ ತಟ್ಟುವುದೂ ಬಂತು. ಹನ್ನೊಂದು ವರ್ಷ ಒಂದು ಮನೆಯನ್ನೂ ಬಿಟ್ಟಿಲ್ಲ. ನಮ್ಮ ಯಂತ್ರ ನಡೆಸುವವನನ್ನು ಎಲ್ಲರೂ ನಿಧಾನಿ ಅನ್ನುತ್ತೇವೆ. ಊಟ, ಮಾತು, ನಡಿಗೆ ಎಲ್ಲ ಆಮೆಯದು, ಆದರೆ ಯಂತ್ರದ ಆ ಕಬ್ಬಿಣದ ಕೈಯಲ್ಲಿ ಬೇಕಿದ್ದರೆ ಮೊಟ್ಟೆ ಎತ್ತಿ ಇಡುತ್ತಾನೆ. ಬೆಳಿಗ್ಗೆ ಬಂದವನು ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕಾಯಿಸುತ್ತಾನೆ. ಆ ಹತ್ತು ನಿಮಿಷದಲ್ಲಿ ನಾನು ಹೋಗಿ ತಟ್ಟಿ ಬರುತ್ತೇನೆ. ನಾನು ಬಂದು ತಲೆಯಾಡಿಸಿದ ಮೇಲೆಯೇ ಅವನು ಸನ್ನೆಗೋಲು ಮುಟ್ಟುವುದು.

ಈ ಸಲ ಕೆಲಸ ಬಂದದ್ದು ಅದೇ ಬಾಡಿಗೆ ಮನೆಗೆ. ಅಮ್ಮ ತೀರಿಕೊಂಡು ಮೂರು ವರ್ಷ. ಆಗಲೇ ಅಪ್ಪನನ್ನು ನನ್ನ ಮನೆಗೆ ಕರೆತಂದಿದ್ದೆ, ಎರಡು ಬೀದಿ ಆಚೆಗೆ ಅಷ್ಟೇ. ಮಾಲೀಕರು ಜಾಗ ಮಾರಿದರು, ಕೊಂಡವರು ಕೆಡವಲು ನನ್ನನ್ನೇ ಕರೆದರು. ಅಪ್ಪನಿಗೆ ಹೇಳಿದಾಗ ಅವನು ಟೀ ಲೋಟ ಕೆಳಗಿಟ್ಟ.

"ಬೇರೆಯೋರು ಒದ್ದು ಬೀಳಿಸೋದಕ್ಕಿಂತ ನೀನು ಮಾಡೋದೇ ಮೇಲು" ಅಂದ. ಲೋಟ ಮತ್ತೆ ಎತ್ತಿಕೊಂಡು, "ತಟ್ತೀಯಲ್ಲ?" ಅಂತ ಕೇಳಿದ.

"ತಟ್ತೀನಪ್ಪಾ. ಅದನ್ನೂ ಹೇಳಿಕೊಡ್ಬೇಕಾ?"

ಹಿಂದಿನ ದಿನ ಸಂಜೆ ನಮ್ಮವರು ಒಳಗೆ ಹೋಗಿ ಕಿಟಕಿ ಬಿಚ್ಚಿದರು, ನೀರು, ಕರೆಂಟು ಕಡಿದರು, ಮೂಲೆ ಮೂಲೆ ನೋಡಿ ಬಂದರು. ನಾನು ಒಳಗೆ ಕಾಲಿಡಲಿಲ್ಲ. ಬೀದಿಯಲ್ಲಿ ನಿಂತು, ಆ ಕಡೆ ಯಾರೂ ಇಲ್ಲದ ಫೋನಿನಲ್ಲಿ ಮಾತಾಡುವ ಹಾಗೆ ನಟಿಸಿದೆ. ಬೀದಿ ಬಾಗಿಲಿಗೆ ಬೀಗ ಹಾಕಿಸಲಿಲ್ಲ, ಬರೀ ಎಳೆದುಕೊಂಡು ಬಂದರು. ಕದಿಯಲು ಅಲ್ಲೇನಿತ್ತು?

ಬೆಳಿಗ್ಗೆ ನಾನು ಹೊರಡುವಾಗ ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. ಮಲಗಿರಲಿ ಅಂತ ತಟ್ಟಲಿಲ್ಲ.

ನಿಧಾನಿ ಇಂಜಿನ್ ಕಾಯಿಸಿದ. ಹತ್ತು ನಿಮಿಷ ಆಯಿತು, ಹನ್ನೆರಡಾಯಿತು. ನಾನು ಬೇಲಿಯ ಕೆಂಪು ಪಟ್ಟಿ ಕಟ್ಟುತ್ತ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತ ಇದ್ದೆ. ಅವನು ಮೇಲಿಂದ ಬಗ್ಗಿ, "ಅಕ್ಕಾ, ತಟ್ಟಲ್ವಾ?" ಅಂದ.

"ನಮ್ಮನೆ ಅದು. ಒಳಗೆ ಯಾರೂ ಇಲ್ಲ ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಆದ್ರೂ ಅಕ್ಕಾ..."

"ಆದ್ರೂ ಗೀದ್ರೂ ಬೇಡ. ಹಿಂದಿನ ಗೋಡೆಯಿಂದ ಶುರು ಮಾಡು."

ನಿಜ ಹೇಳಿಬಿಡುತ್ತೇನೆ. ನನಗೆ ಭಯ ಆಗಿತ್ತು. ತಟ್ಟಿದರೆ ಒಳಗಿಂದ ಅಮ್ಮ ಬಾ ಅನ್ನುವುದಿಲ್ಲ. ಮೂರು ಸಲ ತಟ್ಟಿದರೂ ಅನ್ನುವುದಿಲ್ಲ. ಆಮೇಲೆ ನಾನು ತಿರುಗಿ, ಇದು ಇನ್ನು ಮನೆ ಅಲ್ಲ, ಇಟ್ಟಿಗೆ ಅಂತ ನನ್ನ ಬಾಯಿಂದಲೇ ಹೇಳಬೇಕು. ಊರವರ ಇನ್ನೂರು ಮನೆಗಳಿಗೆ ಹೇಳಿದ ಮಾತು ಈ ಒಂದು ಮನೆಗೆ ನಾಲಿಗೆಯ ಮೇಲೆ ಬರಲಿಲ್ಲ. ತಟ್ಟದೆ ಇದ್ದರೆ ಉತ್ತರ ಬಾರದೆ ಹೋಗುವುದೂ ಇಲ್ಲವಲ್ಲ ಅಂತ ಹುಚ್ಚು ಲೆಕ್ಕ ಹಾಕಿದೆ.

ಮೊದಲ ಏಟು ಅಡುಗೆಮನೆಯ ಗೋಡೆಗೆ ಬಿತ್ತು. ಇಟ್ಟಿಗೆ ಜಾರಿ ಒಳಗಿನ ನೀಲಿ ಬಣ್ಣ ಹೊರಗೆ ಕಾಣಿಸಿತು. ಒಲೆಯ ಮೇಲಿನ ಮಸಿ, ಅಮ್ಮ ಜರಡಿ ತೂಗುಹಾಕುತ್ತಿದ್ದ ಮೊಳೆ ಎಲ್ಲ ಹಾಗೇ ಇದ್ದವು. ನಾನು ಬೇರೆ ಕಡೆ ನೋಡಿದೆ. ಎರಡನೇ ಏಟಿಗೆ ಹಿಂದಿನ ಚಾವಣಿ ಮುರಿದು ಬಿತ್ತು, ಇಡೀ ಮನೆ ಅಲುಗಿತು, ಕಿಟಕಿ ಇದ್ದ ತೂತುಗಳಿಂದ ಧೂಳು ಹೊರಗೆ ನುಗ್ಗಿತು. ಮೂರನೆಯದಕ್ಕೆ ಯಂತ್ರದ ಕೈ ಮೇಲೆದ್ದಿತ್ತು. ಆಗ ಮುಂಭಾಗದಲ್ಲಿ ಧೂಳಿಗೆ ನೀರು ಹೊಡೆಯುತ್ತಿದ್ದವನು ಪೈಪು ಬಿಸಾಡಿ ಎರಡೂ ಕೈ ಎತ್ತಿ ಬೀಸತೊಡಗಿದ. ನಿಧಾನಿ ಜೀವಮಾನದಲ್ಲಿ ಅಷ್ಟು ಬೇಗ ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ಇಂಜಿನ್ ಆರಿಸಿದ.

ಸದ್ದು ನಿಂತಿತು. ಚೂರುಪಾರು ಗಾರೆ ಉದುರುತ್ತಿತ್ತು. ಅದರ ನಡುವೆ ಬೀದಿ ಬಾಗಿಲಿನ ಒಳಗಿಂದ ಯಾರೋ ತಟ್ಟಿದರು.

ಎರಡು ಬೇಗ. ಸ್ವಲ್ಪ ತಡೆದು ಇನ್ನೊಂದು.

ಅಮ್ಮ ಅಂದುಕೊಂಡೆ. ಸುಳ್ಳಲ್ಲ, ಅವಳನ್ನು ನಾನೇ ಕೈಯಾರೆ ಮಣ್ಣು ಮಾಡಿ ಬಂದವಳು, ಆದರೂ ಅಮ್ಮನೇ ಒಳಗಿದ್ದಾಳೆ, ಅವಳ ತಲೆಯ ಮೇಲೆಯೇ ಚಾವಣಿ ಕೆಡವಿದೆ ಅಂತಲೇ ಅಂದುಕೊಂಡೆ. ಮತ್ತೆ ತಟ್ಟಿದ ಸದ್ದು ಬಂತು, ಈ ಸಲ ಮೆಲ್ಲಗೆ. ಹೇಗೆ ಬಾಗಿಲ ಹತ್ತಿರ ಹೋದೆನೋ ತಿಳಿಯದು. ದೂಡಿದೆ, ಅಲುಗಲಿಲ್ಲ. ಮೇಲಿನ ಗೋಡೆ ಕುಸಿದು ಚೌಕಟ್ಟು ಬಾಗಿಲನ್ನು ಅದುಮಿ ಹಿಡಿದಿತ್ತು. ಆಗ ನನ್ನ ಬಾಯಿಂದ ಬಂದದ್ದು "ಯಾರಪ್ಪಾ ಒಳಗೆ" ಅಂತಲೂ ಅಲ್ಲ, "ಅಯ್ಯೋ" ಅಂತಲೂ ಅಲ್ಲ.

"ನಾನು" ಅಂದೆ.

ಒಳಗೆ ಯಾರೋ ಕೆಮ್ಮಿದರು. ಕೆಮ್ಮು ನಿಂತ ಮೇಲೆ, "ಬಾ" ಅಂತ ಅಪ್ಪನ ದನಿ ಕೇಳಿಸಿತು.

ನಿಧಾನಿ ಹಾರೆ ತಂದು ಚೌಕಟ್ಟಿನ ಸಂದಿಗೆ ಹಾಕಿ ಮೀಟಿದ. ಬಾಗಿಲು ಒಂದು ಮೊಳದಷ್ಟು ಬಿಟ್ಟಿತು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ತಲೆಯಿಂದ ಕಾಲಿನವರೆಗೆ ಬೂದಿಬಣ್ಣ, ಕಿವಿಯ ಹಿಂದಿನಿಂದ ಇಳಿದ ರಕ್ತ ಮಾತ್ರ ಕೆಂಪು. ಎಡಗೈ ಜೋತುಬಿದ್ದಿತ್ತು. ಯಾವುದೋ ಮದುವೆಗೆ ಅಂತ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಅವನ ಪಕ್ಕದಲ್ಲಿ ಒಂದು ಪೊರಕೆ ಬಿದ್ದಿತ್ತು. ಗಾರೆ ಬೀಳದೆ ಉಳಿದ ಒಂದು ಮೂಲೆಯಲ್ಲಿ ನೆಲ ಥಳಥಳ ಅನ್ನುತ್ತಿತ್ತು. ಕೆಡವಲಿರುವ ಮನೆಯನ್ನು ಅವನು ಗುಡಿಸಿದ್ದ.

ಎತ್ತಿ ತಂದು ಬೀದಿ ಬದಿಯ ಕಟ್ಟೆಯ ಮೇಲೆ ಕೂರಿಸಿದೆವು. ನಿಧಾನಿ ನೀರು ಕುಡಿಸಿದ, ಕಿವಿಗೆ ಬಟ್ಟೆ ಒತ್ತಿ ಹಿಡಿದ. ಪೈಪಿನವನು ಗಾಡಿ ತರಲು ಓಡಿದ. ನಾನು ಅಪ್ಪನ ಎದುರು ನೆಲದ ಮೇಲೆ ಕುಕ್ಕರಿಸಿದೆ.

"ಯಾಕಪ್ಪಾ ಒಳಗೆ ಹೋದೆ? ಯಾಕೆ?"

"ನೀನು ತಟ್ತೀಯ" ಅಂದ ಅಪ್ಪ. "ತಟ್ಟಿದ್ರೆ ಒಳಗೆ ಯಾರೂ ಇರಲ್ಲ. ಅವಳ ಬಾಗಿಲಲ್ಲಿ ನೀನು ಸುಮ್ನೆ ನಿಂತು ವಾಪಸ್ ಬರೋದು ಬೇಡ ಅನ್ನಿಸ್ತು. ಇದೊಂದ್ಸಲ ನಾನು ಒಳಗಿದ್ದು ಬಾ ಅನ್ನೋಣ, ಆಮೇಲೆ ಇಬ್ರೂ ಒಟ್ಟಿಗೆ ಈಚೆ ಬಂದು ಬಾಗಿಲು ಎಳ್ಕೊಳ್ಳೋಣ ಅಂತ."

"ಇಂಜಿನ್ ಸದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇಂಜಿನ್ ಶುರುವಾಯ್ತು, ಇನ್ನೇನು ನೀನು ಬರ್ತೀಯ ಅಂತ ಎದ್ದು ನಿಂತೆ. ಕಾಯ್ತಾ ಇದ್ದೆ. ಅಷ್ಟರಲ್ಲಿ ಅಡುಗೆಮನೆ ಬಿತ್ತು. ಕೂಗಿದೆ. ಆ ಸದ್ದಲ್ಲಿ ಯಾರಿಗೆ ಕೇಳುತ್ತೆ?"

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಕಣ್ಣರಳಿಸಿ ಅರ್ಧ ಕುಸಿದ ಮನೆಯನ್ನು ನೋಡುತ್ತಿದ್ದ. ಚಾವಣಿ ಬಿದ್ದದ್ದಕ್ಕಲ್ಲ ಆ ದಿಗಿಲು. ಮೂವತ್ತು ವರ್ಷ ಮನೆ ಕೆಡವಿದವನಿಗೆ ಚಾವಣಿ ಬೀಳುವುದು ಹೊಸದೇ? ಅವನು ತನ್ನ ಜೀವವನ್ನು ನನ್ನ ಬೆರಳ ಗೆಣ್ಣಿನ ಮೇಲೆ ಇಟ್ಟು ಒಳಗೆ ನಿಂತಿದ್ದ, ಒಂದಿಷ್ಟೂ ಅನುಮಾನ ಇಲ್ಲದೆ. ಸೂರ್ಯ ಹುಟ್ಟದೆ ಇದ್ದಾನು, ಮಗಳು ತಟ್ಟದೆ ಇರುವುದಿಲ್ಲ ಅಂತ.

"ಮರೆತ್ಯಾ?" ಅಂತ ಕೇಳಿದ.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವನೇ ದಾರಿ ತೆರೆದು ಕೊಟ್ಟಿದ್ದ. ಮರೆವು ಯಾರಿಗಿಲ್ಲ, ಮನೆಯ ಸಂಕಟದಲ್ಲಿ ಮರೆತಳು ಅಂತ ಅವನೂ ನಿಧಾನಿಯೂ ಒಪ್ಪಿಕೊಳ್ಳುತ್ತಿದ್ದರು. ನಿಧಾನಿ ತಲೆ ತಗ್ಗಿಸಿ ಬಟ್ಟೆ ಒತ್ತುತ್ತಿದ್ದ. ತಾನು ನೆನಪಿಸಿದ್ದೆ ಅಂತ ಅವನು ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ.

"ಮರೀಲಿಲ್ಲಪ್ಪಾ. ಬೇಕು ಅಂತಲೇ ತಟ್ಟಲಿಲ್ಲ. ಅಮ್ಮ ಬಾ ಅನ್ನಲ್ಲ ಅಂತ ಭಯ ಆಯ್ತು."

ಅಪ್ಪ ಮನೆಯ ಕಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದ. ಬೀದಿಯಲ್ಲಿ ಗುರುತು ಹತ್ತದವರನ್ನು ನೋಡುವ ಹಾಗೆ, ಮೇಲಿಂದ ಕೆಳಗಿನವರೆಗೆ. ಆಮೇಲೆ ಚಪ್ಪಲಿ ಎಲ್ಲಿ ಅಂತ ಕೇಳಿದ. ನಿಧಾನಿ ಹೋಗಿ ಹುಡುಕಿದ, ಒಂದು ಮಾತ್ರ ಸಿಕ್ಕಿತು.

ಭುಜದ ಎಲುಬು ಬಿರುಕು ಬಿಟ್ಟಿತ್ತು, ಕಿವಿಯ ಹಿಂದೆ ನಾಲ್ಕು ಹೊಲಿಗೆ. ಏಟು ಅರ್ಧ ಅಂಗೈ ಆಚೆ ಬಿದ್ದಿದ್ದರೆ ಅಂತ ಶುರು ಮಾಡಿದ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತು ನುಂಗಿಕೊಂಡರು. ಕೈಗೆ ಜೋಳಿಗೆ ಕಟ್ಟಿಸಿಕೊಂಡು ಸಂಜೆಗೆ ಮನೆಗೆ ಬಂದೆವು. ಅಪ್ಪ ನೇರವಾಗಿ ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ನಾನು ಅಡುಗೆಮನೆಯಲ್ಲಿ ಟೀ ಕುದಿಸಿದೆ. ಉಕ್ಕಿ ಅರ್ಧ ಒಲೆಗೇ ಚೆಲ್ಲಿತು, ಮತ್ತೆ ಕುದಿಸಿದೆ. ಲೋಟ ಹಿಡಿದು ಅವನ ಬಾಗಿಲಿಗೆ ಬಂದೆ. ಎರಡು ಸಲ ಬೇಗ ತಟ್ಟಿ, ತಡೆದು ಇನ್ನೊಂದು ತಟ್ಟಿದೆ.

ಮಂಚ ಕಿರುಗುಟ್ಟಿತು. ಅಪ್ಪ ಎಚ್ಚರವಾಗಿಯೇ ಇದ್ದ.

"ಯಾರು?" ಅಂದ.

ನಲವತ್ತೊಂದು ವರ್ಷದಲ್ಲಿ ನಮ್ಮ ಮನೆಯ ಬಾಗಿಲ ಒಳಗಿಂದ ಆ ಮಾತು ನಾನು ಕೇಳಿರಲಿಲ್ಲ. ಚಾವಣಿ ಬಿದ್ದ ಸದ್ದಿಗಿಂತ ಅದು ದೊಡ್ಡದಾಗಿತ್ತು. ಟೀ ತುಳುಕಿ ಬೆರಳು ಸುಟ್ಟಿತು, ಲೋಟ ಬಿಡಲಿಲ್ಲ.

"ನಾನು" ಅಂದೆ.

ಒಳಗಿಂದ ಏನೂ ಬರಲಿಲ್ಲ. ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಸಂದಿಯಿಂದ ಬೆಳಕು ಕಾಣುತ್ತಿತ್ತು, ಒಂದು ಬೆರಳಿನಿಂದ ದೂಡಿದರೆ ತೆರೆಯುತ್ತಿತ್ತು. ಟೀಯ ಮೇಲೆ ಕೆನೆ ಕಟ್ಟಿತು. ಕಾಲು ಜೋಮು ಹಿಡಿಯಿತು. ನಾನು ಒಳಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಬಾ ಅನ್ನುವವರೆಗೆ ಯಾರೂ ಒಳಗೆ ಹೋಗುವುದಿಲ್ಲ.