ಸತ್ತ ಅಲೆಕ್ಸಾಂಡರ್

"ಇವನನ್ನ ನೋಡಿ ಕಲೀರಿ, ಬೇವರ್ಸಿಗಳಾ. ಹೆಣ ಅಂದ್ರೆ ಹೀಗಿರ್ಬೇಕು. ನಿನ್ನೆವರೆಗೆ ಮೂಗು ತುರಿಸ್ತಿದ್ದ. ಇವತ್ತು ರೆಪ್ಪೆ ಸಹ ಅಲುಗಿಸ್ಲಿಲ್ಲ."

ಸಂಜೆ ಐದರ ಆಟ ಮುಗಿದಿತ್ತು. ಸೂಪರ್‌ವೈಸರ್ ದೀಕ್ಷಿತ್ ಚಟ್ಟದ ಮೇಲೆ ಮಲಗಿದ್ದ ಶೇಖರನಿಗೆ ಬೆರಳು ತೋರಿಸಿ ಹೊಗಳುತ್ತಿದ್ದ. ಆ ಕಂಪನಿಯಲ್ಲಿ ಕೂಲಿಯವನೊಬ್ಬನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಚಟ್ಟ ಹೊತ್ತಿದ್ದ ಪೊಡಿಯಬ್ಬನಿಗೂ ಸಂತೋಷವಾಯಿತು.

ಸೌದಿಯ ಜಿದ್ದಾ ಊರಿನ ಮೇಳದ ಮೈದಾನದಲ್ಲಿ ಗ್ರೀಕರ ಅಲೆಕ್ಸಾಂಡರನ ದಿಗ್ವಿಜಯದ ಆಟ ನಡೆಯುತ್ತಿತ್ತು. ಗೋಡೆಗೆ ಸಾರಣೆ ಮಾಡುವ ಕೆಲಸಕ್ಕೆಂದು ಮಂಗಳೂರು ಕಡೆಯಿಂದ ಬಂದ ಐವರನ್ನು ಕಂಪನಿ ಇಲ್ಲಿಗೆ ಅಟ್ಟಿತ್ತು. ಗಡ್ಡ ಅಂಟಿಸಿಕೊಂಡರೆ ಅವರು ಪರ್ಷಿಯಾದ ಸೈನ್ಯ, ಮುಂಡಾಸು ಸುತ್ತಿಕೊಂಡರೆ ಪೋರಸ್ ರಾಜನ ಸೈನ್ಯ. ಈಜಿಪ್ಟು ಯುದ್ಧವಿಲ್ಲದೆ ಶರಣಾಗಿತ್ತಂತೆ. ಆಗ ಬರೇ ಮೊಣಕಾಲೂರಿದರೆ ಸಾಕು, ಅದೇ ಅವರ ವಿಶ್ರಾಂತಿ. ಕುದುರೆ ಏರಿ ಲೋಕ ಗೆಲ್ಲುವ ಅಲೆಕ್ಸಾಂಡರ್ ಆ ಊರಿನ ತರುಣ ಸಾದ್. ಬ್ಯಾಬಿಲೋನಿನಲ್ಲಿ ಜ್ವರ ಬಂದು ಸತ್ತ ಅಲೆಕ್ಸಾಂಡರ್ ಮಾತ್ರ ಶೇಖರ. ಕಾದ ತಗಡಿನ ಕವಚ ತೊಟ್ಟು ಅರ್ಧ ಗಂಟೆ ಅಲುಗದೆ ಮಲಗುವುದು ಸಾದನಿಂದ ಆಗುತ್ತಿರಲಿಲ್ಲ.

"ಏಳು ಮಾರಾಯ, ರಾಜ್ಯ ಮುಗೀತು," ಎನ್ನುತ್ತ ಪೊಡಿಯಬ್ಬ ಕವಚದ ದಾರಕ್ಕೆ ಕೈ ಹಾಕಿದ. ಎಲ್ಲರ ಮೈಯಿಂದ ಬೆವರು ಸುರಿಯುತ್ತಿದ್ದ ಆ ಸೆಖೆಯಲ್ಲಿ ಶೇಖರನ ಹಣೆ ಒಣಗಿತ್ತು. ನೊಣವೊಂದು ಅರೆತೆರೆದ ಕಣ್ಣಿನ ಮೇಲೆ ನಡೆದು ಹೋಯಿತು. ಮಧ್ಯಾಹ್ನ ಅವನು ನೀರು ಕೇಳಿದಾಗ, ಮುಖದ ಬಣ್ಣ ಹೋಗ್ತದೆ ಎಂದು ದೀಕ್ಷಿತ್ ಬಾಟಲಿ ಕಸಿದಿದ್ದ.

"ಸಾರ್, ಇವ ಉಸಿರು ಬಿಡ್ತಾ ಇಲ್ಲ."

ದೀಕ್ಷಿತ್ ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದ. ಆಮೇಲೆ ಗಡಿಯಾರ ನೋಡಿದ.

"ಎಂತ ಕರ್ಮ ಮಾರಾಯ. ಏಳರ ಆಟಕ್ಕೆ ದೊಡ್ಡವರು ಬರ್ತಾರೆ. ಅದೊಂದು ಮುಗೀಲಿ. ಹೇಗೂ ಇವನ ಪಾತ್ರಕ್ಕೆ ಮಾತಿಲ್ಲವಲ್ಲ."

"ಹೆಣವನ್ನ ಆಟಕ್ಕೆ ಹೊರೋದಾ ಸಾರ್?"

"ಈಗ ಹೊತ್ತದ್ದು ಎಂತದ್ದು, ಬೋಳಿಮಗನೇ? ಪಾಸ್‌ಪೋರ್ಟ್ ನನ್ನ ಕೈಲುಂಟು, ನೆನಪುಂಟಲ್ಲ? ಗಡ್ಡ ಅಂಟಿಸು, ಯಲ್ಲಾ, ಬೇಗ ಬೇಗ."

"ರಝಾಕೇ, ಆ ಕಡೆ ಹಿಡಿ," ಎಂದು ಪೊಡಿಯಬ್ಬ ಪಕ್ಕದಲ್ಲಿದ್ದ ಜೊತೆಗಾರನಿಗೆ ಹೇಳಿದ.

ನಾಲ್ವರೂ ಚಟ್ಟ ಎತ್ತಿ ಗೇಟಿನತ್ತ ನಡೆದರು. ದೀಕ್ಷಿತ್ ಓಡಿ ಬಂದು ಅದರ ಕಾಲು ಹಿಡಿದು ಜಗ್ಗಿದ.

"ಕೈ ತೆಗೀರಿ ಸಾರ್," ಎಂದ ಪೊಡಿಯಬ್ಬ. "ಇಷ್ಟು ದಿನ ನೀವು ಹೇಳಿದ ಕಡೆ ಸತ್ತಿದ್ದೇವೆ. ಇವತ್ತು ಇವ ನಿಜಕ್ಕೂ ಸತ್ತಿದ್ದಾನೆ."

ಟಿಕೆಟಿಗೆ ಸಾಲು ನಿಂತವರು ಇದೊಂದು ಹೊಸ ದೃಶ್ಯವೆಂದು ಚಪ್ಪಾಳೆ ತಟ್ಟಿದರು, ಫೋನ್ ಎತ್ತಿದರು. ತಾಯಿಯೊಬ್ಬಳು ಮಗುವಿಗೂ ಕಾಣಲೆಂದು ಅದನ್ನು ಹೆಗಲಿಗೇರಿಸಿಕೊಂಡಳು. ಗೇಟಿನಾಚೆ ಚಿನ್ನದ ಬಣ್ಣದ ಕಿರೀಟದಲ್ಲೇ ಚಹಾ ಕುಡಿಯುತ್ತಿದ್ದ ಸಾದ್ ಮೊದಲು ನಕ್ಕ. ಹತ್ತಿರ ಬಂದು ಶೇಖರನ ಮುಖ ನೋಡಿದವನು ತನ್ನ ಪಿಕಪ್ಪಿನ ಹಿಂಬಾಗಿಲು ಇಳಿಸಿದ.

ಬದುಕಿದ ಅಲೆಕ್ಸಾಂಡರ್ ಹಾರ್ನ್ ಒತ್ತುತ್ತ ಆಸ್ಪತ್ರೆಯ ಕಡೆ ಗಾಡಿ ಓಡಿಸಿದ. ಹಿಂದೆ, ಸತ್ತವನ ತಲೆ ಪೊಡಿಯಬ್ಬನ ತೊಡೆಯ ಮೇಲಿತ್ತು. ಕವಚವನ್ನು ಕಿತ್ತು ರಸ್ತೆಗೆ ಎಸೆದು ಅವನು ಎರಡೂ ಕೈ ಎತ್ತಿದ.

"ಪಡೆದವನೇ, ದೇವರೇ, ಇವನ ಮನೆಯವರು ಈ ಹೊತ್ತಿಗೆ ಹೇಳುವ ಮಂತ್ರ ನನಗೆ ಬರುವುದಿಲ್ಲ. ಬಂದಷ್ಟರಲ್ಲಿ ಕೇಳುತ್ತೇನೆ. ಇವ ಬಹಳ ದಣಿದವ. ಇವನ ಜೀವಕ್ಕೆ ಶಾಂತಿ ಕೊಡು."