ಕೂದಲೆಳೆಯಷ್ಟು ಎಡಕ್ಕೆ

ಅಳತೆಯಕ್ಕ ಎಂದರೆ ಆ ಖಗೋಳ ಕೇಂದ್ರದಲ್ಲಿ ಗೊತ್ತಿಲ್ಲದವರಿಲ್ಲ. ಹದಿನಾರು ವರ್ಷದಿಂದ ಅವಳದು ಒಂದೇ ಕೆಲಸ. ನಮ್ಮ ಆಕಾಶಗಂಗೆಯ ನಟ್ಟನಡುವೆ ನಲವತ್ತು ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯೊಂದಿದೆ. ಅದು ಕಾಣುವುದಿಲ್ಲ, ಅದರ ಸುತ್ತ ಗಾಣದೆತ್ತಿನ ಹಾಗೆ ಸುತ್ತುವ ನಕ್ಷತ್ರಗಳು ಮಾತ್ರ ಕಾಣುತ್ತವೆ. ದೂರದ ಬೆಟ್ಟದ ಮೇಲಿನ ದೂರದರ್ಶಕ ಕಳಿಸುವ ಚಿತ್ರಗಳಲ್ಲಿ ಅಂಥ ಒಂದು ಚುಕ್ಕೆ ಎಷ್ಟು ಸರಿಯಿತು ಎಂದು ಅಳೆಯುವುದು, ಬರೆದಿಡುವುದು, ಮತ್ತೆ ಅಳೆಯುವುದು. ಆ ಚುಕ್ಕೆಗೆ ಒಂದು ಸುತ್ತು ಬರಲು ಹದಿನಾರು ವರ್ಷ ಬೇಕು. ಅಷ್ಟರಲ್ಲಿ ಅವಳ ತಲೆ ಅರ್ಧ ಬೆಳ್ಳಗಾಗಿತ್ತು, ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು. ಸುತ್ತು ಈ ವರ್ಷ ಪೂರ್ತಿಯಾಗುವುದರಲ್ಲಿತ್ತು.

ಅಂಥ ಹೊತ್ತಿನಲ್ಲಿ ಅವಳ ತಂಗಿ ಪುಟ್ಟಿ ಇನ್ನೊಂದು ನಕ್ಷತ್ರ ಹಿಡಿದಳು. ನಾಲ್ಕು ವರ್ಷದ ಹಿಂದೆ ಅಕ್ಕನ ಶಿಫಾರಸಿನಿಂದಲೇ ಅಲ್ಲಿ ಕೆಲಸಕ್ಕೆ ಸೇರಿದವಳು, ಅಕ್ಕನ ಚಿತ್ರಗಳನ್ನೇ ತಿರುವಿಹಾಕಿ ಹಿಡಿದಳು. ಮಂಕು ಚುಕ್ಕೆ, ಆದರೆ ಅದರ ಎದೆಗಾರಿಕೆ ನೋಡಿ: ಅಕ್ಕನ ನಕ್ಷತ್ರಕ್ಕಿಂತಲೂ ಕಪ್ಪುಕುಳಿಯ ಹತ್ತಿರ ನುಗ್ಗಿ ಹೊರಬರುತ್ತದೆ, ಹನ್ನೊಂದೇ ವರ್ಷಕ್ಕೆ ಸುತ್ತು ಮುಗಿಸುತ್ತದೆ.

ಅಳತೆಯಕ್ಕನಿಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಅಮ್ಮ ಫೋನು ಮಾಡಿ ಪುಟ್ಟಿಯ ಬುದ್ಧಿವಂತಿಕೆಯನ್ನು ಹೊಗಳಿದ್ದೇ ಹೊಗಳಿದ್ದು. ಅವಳು ಹೂಂಗುಟ್ಟುತ್ತಲೇ ಕೈಯಲ್ಲಿದ್ದ ಪೆನ್ಸಿಲಿನ ತುದಿಯನ್ನು ಕಚ್ಚಿ ಹಾಕಿದಳು. ಚಿಕ್ಕಂದಿನಲ್ಲಿ ಅವಳಿಗೆ ಗಿಡ್ಡವಾದ ಬಟ್ಟೆಗಳೆಲ್ಲ ತಂಗಿಗೆ ಹೋಗುತ್ತಿದ್ದವು, ಹೋದ ಮೇಲೆ ತಂಗಿಗೇ ಚೆನ್ನಾಗಿ ಒಪ್ಪುತ್ತಿದ್ದವು. ಈಗ ಹಳೆಯ ಚಿತ್ರಗಳ ಗತಿಯೂ ಅದೇ ಆಯಿತು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಉದ್ದ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬರೀ ಹೆಸರಿನ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಆ ಋತುವಿಗೆ ದೊಡ್ಡ ದೂರದರ್ಶಕದಲ್ಲಿ ಕೇಂದ್ರಕ್ಕೆ ಸಿಕ್ಕಿದ್ದು ನಾಲ್ಕೇ ರಾತ್ರಿಗಳ ಸರದಿ. ಎರಡು ನಕ್ಷತ್ರಗಳೂ ಕಪ್ಪುಕುಳಿಯ ಪಕ್ಕ ಹಾಯುವುದು ಆಗಲೇ. ಬೆಳಕನ್ನು ಬಿಡಿಸಿ ವೇಗ ಅಳೆಯುವ ಯಂತ್ರದ ಸೀಳು ತೀರ ಕಿರಿದು. ಒಂದರ ಮೇಲಿಟ್ಟರೆ ಇನ್ನೊಂದು ತಪ್ಪಿಹೋಗುತ್ತದೆ. ಈ ಸಲ ತಪ್ಪಿದರೆ ಅಕ್ಕ ಇನ್ನೂ ಹದಿನಾರು ವರ್ಷ ಕಾಯಬೇಕು, ಅಷ್ಟರಲ್ಲಿ ಅವಳು ನಿವೃತ್ತಳು. ಕೇಂದ್ರದ ಮುಖ್ಯಸ್ಥರು ತಮ್ಮ ಲೆಕ್ಕ ಹೇಳಿಬಿಟ್ಟಿದ್ದರು: ಪುಟ್ಟಿಯ ನಕ್ಷತ್ರ ನಿಜವಾಗಿ ಇದ್ದರೆ ನಾಲ್ಕು ರಾತ್ರಿಯೂ ಅದಕ್ಕೇ. ಆದರೆ ಅದು ಚಿತ್ರದ ಮೇಲಿನ ಸುಳ್ಳು ಕಲೆಯಲ್ಲ ಎನ್ನಲು ಒಂದು ಸುತ್ತಿನ ಹಿಂದಿನ, ಅಂದರೆ ಹನ್ನೊಂದು ವರ್ಷದ ಹಿಂದಿನ ಒಂದು ಗುರುತು ಬೇಕು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಪುಟ್ಟಿ ಅದನ್ನೇ ಕೇಳಿದಳು.

"ಅಕ್ಕಾ, ಆ ವರ್ಷದ್ದು ನಿನ್ ಹತ್ರ ಏನಾದ್ರೂ ಇದ್ಯಾ?"

"ಆ ವರ್ಷ ಗಾಳಿ ಚೆನ್ನಾಗಿರ್ಲಿಲ್ಲ ಕಣೆ," ಎಂದಳು ಅಕ್ಕ. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು.

ಅಳೆಯುವವರಲ್ಲಿ ಒಂದು ಪದ್ಧತಿಯುಂಟು. ಮೇಲಿನ ಗಾಳಿ ಕದಡಿದ್ದರೆ ಚುಕ್ಕೆ ಹರಡಿಕೊಳ್ಳುತ್ತದೆ, ಅಳತೆ ನಂಬುವಂತಿರುವುದಿಲ್ಲ. ಆಗ ಚಿತ್ರದ ಮುಂದೆ 'ಗಾಳಿ ಕೆಟ್ಟಿದೆ' ಎಂದು ಬರೆದು ಬದಿಗೆ ಹಾಕುತ್ತಾರೆ. ಅಳೆದವರು ಹಾಗೆ ಬರೆದರೆಂದರೆ ಬೇರೆಯವರು ಅದನ್ನು ತೆರೆದು ನೋಡುವುದಿಲ್ಲ. ಅಡುಗೆಯವರು ಹಾಲು ಒಡೆದಿದೆ ಎಂದ ಮೇಲೆ ಯಾರೂ ಕುಡಿದು ನೋಡುವುದಿಲ್ಲವಲ್ಲ, ಹಾಗೆ. ಹನ್ನೊಂದು ವರ್ಷದ ಹಿಂದೆ ಅವಳ ನಕ್ಷತ್ರ ಒಂದು ಚಿತ್ರದಲ್ಲಿ ಇರಬೇಕಾದ ಜಾಗದಿಂದ ಕೂದಲೆಳೆಯಷ್ಟು ಎಡಕ್ಕೆ ಕೂತಿತ್ತು. ಅವಳ ಚೆಂದದ ಕಕ್ಷೆಗೆ ಅದೊಂದೇ ಸೊಟ್ಟ. ಗಾಳಿ ಅವತ್ತು ನಿರ್ಮಲವಾಗಿತ್ತು. ಆದರೂ ಅವಳು 'ಗಾಳಿ ಕೆಟ್ಟಿದೆ' ಎಂದು ಬರೆದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟ, ಅಷ್ಟೇ.

ತಂಗಿ ಕೇಳಿದ ದಿನ ಸಂಜೆ ಬಾಗಿಲು ಹಾಕಿಕೊಂಡು ಆ ಚಿತ್ರ ತೆರೆದಳು. ಈಗ ಗೊತ್ತಿದ್ದು ನೋಡಿದರೆ ಕಣ್ಣಿಗೆ ರಾಚುತ್ತಿತ್ತು: ಅವಳ ಚುಕ್ಕೆಯ ಎಡ ಭುಜಕ್ಕೆ, ನಾವು ನೋಡುವ ನೇರದಲ್ಲಿ, ಅಂಟಿಕೊಂಡಂತೆ ಇನ್ನೊಂದು ಮಂಕು ಚುಕ್ಕೆ. ಎರಡರ ಬೆಳಕೂ ಬೆರೆತು ಅಳತೆಯನ್ನು ಎಡಕ್ಕೆ ಎಳೆದಿತ್ತು. ತಂಗಿಗೆ ಬೇಕಾದ ಗುರುತು ಅದೇ. ಕೊಟ್ಟರೆ ನಾಲ್ಕು ರಾತ್ರಿ ಹೋಯಿತು, ಜೊತೆಗೆ ಹದಿನಾರು ವರ್ಷದ ಮರ್ಯಾದೆಯೂ. ಅಳತೆಯಕ್ಕ ಚಿತ್ರ ಮುಚ್ಚಿ ಮುಖ ತೊಳೆದುಕೊಂಡು ಬಂದಳು.

ಮೂರು ವಾರದ ನಂತರ ಸಭೆ. ಹಳೆಯ ಚಿತ್ರದ ಮಾತು ಎತ್ತುತ್ತಲೇ ಅಕ್ಕನ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು. ಮುಖ್ಯಸ್ಥರು ಕೇಳಿದ್ದು ಮಾತ್ರ ಪುಟ್ಟಿಯನ್ನು. ಆ ವರ್ಷದ್ದೆಂದು ಇರುವುದು ಒಂದೇ ಚಿತ್ರ, ಅದರ ಮುಂದೆ ಗಾಳಿ ಕೆಟ್ಟಿದೆಯೆಂದು ಅಕ್ಕ ಬರೆದಿದ್ದಾಳೆ, ತನ್ನ ಬಳಿ ಬೇರೆ ಸಾಕ್ಷಿಯಿಲ್ಲ ಎಂದು ಪುಟ್ಟಿ ತಣ್ಣಗೆ ಹೇಳಿ ಕೂತಳು. ನಾಲ್ಕು ರಾತ್ರಿಗಳೂ ಅಕ್ಕನ ನಕ್ಷತ್ರಕ್ಕೆ ಬಂದವು. ಎಲ್ಲರೂ ಕೈ ಕುಲುಕಿದರು.

ಗೆದ್ದ ಖುಷಿಯಲ್ಲಿ ತಂಗಿಯನ್ನು ಸಮಾಧಾನ ಮಾಡೋಣವೆಂದು ಅವಳ ಕೋಣೆಗೆ ಹೋದರೆ ಪುಟ್ಟಿ ಇರಲಿಲ್ಲ. ಮೇಜಿನ ಮೇಲೆ ಅದೇ ಚಿತ್ರ ಅಚ್ಚುಹಾಕಿ ಇಟ್ಟಿತ್ತು. ಎರಡು ಚುಕ್ಕೆಗಳಿಗೂ ಪೆನ್ಸಿಲಿನ ಸುತ್ತು. ಮೂಲೆಯಲ್ಲಿ ಯಂತ್ರವೇ ದಾಖಲಿಸಿದ ಅವತ್ತಿನ ಗಾಳಿಯ ಅಂಕಿಯ ಕೆಳಗೆ ಒಂದು ಗೆರೆ. ಬಾಗಿಲಲ್ಲಿ ಸದ್ದಾಯಿತು. ಪುಟ್ಟಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

"ಯಾವಾಗ ನೋಡಿದೆ?" ಎಂದಳು ಅಕ್ಕ.

"ನಿನ್ನ ಕೇಳಿದ್ನಲ್ಲ, ಅದರ ಹಿಂದಿನ ದಿನ."

"ಗೊತ್ತಿದ್ದೂ ಕೇಳಿದ್ಯಾ? ಇವತ್ತು ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂದ್ಕೊಂಡೆ ಅಕ್ಕಾ. ನೀನು ಹೇಳ್ದೇ ಇದ್ದಾಗ ನಾನು ಹೇಳಿದ್ರೆ ನಿನ್ನ ಅಳತೆ ಯಾವ್ದನ್ನೂ ಇಲ್ಲಿ ಯಾರೂ ನಂಬ್ತಿರ್ಲಿಲ್ಲ. ನಂಗೆ ಹನ್ನೊಂದು ವರ್ಷ ಆದ್ಮೇಲೆ ಇನ್ನೊಂದು ಸಲ ಸಿಗತ್ತೆ, ಬಿಡು."

ಅಳು ಬರಬೇಕಿತ್ತು, ತಂಗಿಯನ್ನು ಅಪ್ಪಿಕೊಳ್ಳಬೇಕಿತ್ತು. ಅಳತೆಯಕ್ಕನಿಗೆ ಎರಡೂ ಆಗಲಿಲ್ಲ. ಮೈಯೆಲ್ಲ ಉರಿಯಿತು. ನಕ್ಷತ್ರದಲ್ಲಿ ಮುಂದೆ ಹೋದಳು, ಸಾಲದೆಂದು ಒಳ್ಳೆಯತನದಲ್ಲೂ ಮುಂದೆ ಹೋಗಿ ಕೂತಳಲ್ಲ ಇವಳು! ಇವಳು ದಾನ ಮಾಡಿದ ರಾತ್ರಿಗಳಲ್ಲಿ ತಾನು ತನ್ನ ನಕ್ಷತ್ರ ನೋಡಬೇಕು, ಮುಂದೆ ಬರುವ ಒಂದೊಂದು ಹೊಗಳಿಕೆಯ ಹಿಂದೆಯೂ ಇವಳ ಈ ತಣ್ಣನೆಯ ಮುಖ ನೋಡಬೇಕು. ಅದಕ್ಕಿಂತ ಮಾನ ಹೋಗುವುದೇ ಮೇಲು ಎನ್ನಿಸಿತು. ಮೇಜಿನ ಮೇಲಿನ ಹಾಳೆ ಕಿತ್ತುಕೊಂಡು ದಡದಡನೆ ಮುಖ್ಯಸ್ಥರ ಕೋಣೆಗೆ ನಡೆದಳು.

ಅವತ್ತು ಗಾಳಿ ಚೆನ್ನಾಗಿಯೇ ಇತ್ತೆಂದೂ ತಾನೇ ಸುಳ್ಳು ಬರೆದೆನೆಂದೂ ನಿಂತುಕೊಂಡೇ ಹೇಳಿದಳು. ಮುಖ್ಯಸ್ಥರು ಹಾಳೆ ತೆಗೆದುಕೊಂಡು ನೋಡಿದರು. ಬರೆದದ್ದು ದೊಡ್ಡ ತಪ್ಪು, ಅದರ ವಿಚಾರಣೆ ಆಗಿಯೇ ಆಗುತ್ತದೆ ಎಂದರು. ಆಮೇಲೆ ಮೆಲ್ಲಗೆ, "ಆದ್ರೂ ತಂಗಿಗೋಸ್ಕರ ಇಷ್ಟು ಮಾಡೋಕೆ ದೊಡ್ಡ ಮನಸ್ಸು ಬೇಕಮ್ಮ," ಎಂದರು.

"ದೊಡ್ಡ ಮನಸ್ಸಲ್ಲ ಸರ್, ಹೊಟ್ಟೆಕಿಚ್ಚು."

ಅವರು ತಮಾಷೆಯೆಂದುಕೊಂಡು ನಕ್ಕು, ಪಟ್ಟಿಯನ್ನು ನಾಳೆ ಬದಲಾಯಿಸೋಣ ಎಂದರು. ಅವಳು ಕದಲಲಿಲ್ಲ. ಅವರು ಪಟ್ಟಿ ತೆಗೆದು, ಅವಳ ನಕ್ಷತ್ರವನ್ನು ಹೊಡೆದುಹಾಕಿ, ಪುಟ್ಟಿಯದನ್ನು ಬರೆದು ಸಹಿ ಮಾಡುವವರೆಗೂ ಅಲ್ಲೇ ನಿಂತಿದ್ದಳು. ಈ ಕಿಚ್ಚು ಆರಿದ ಮೇಲೆ ನಾಳೆಯೂ ಇದೇ ಮಾತಿಗೆ ನಿಲ್ಲುತ್ತೇನೆಂಬ ನಂಬಿಕೆ ಅವಳಿಗೆ ತನ್ನ ಮೇಲೆ ಇರಲಿಲ್ಲ.