ಬೀರುವಿನೊಳಗಿನ ಇಲಿ

ನಾನು ಪುಕ್ಕಲಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಇಸ್ತ್ರಿ ಅಂಗಡಿಯ ಬಾಗಿಲೆಳೆದು ಮನೆ ಮುಟ್ಟಿದ ಮೇಲೆ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ವಾಪಸು ಓಡುವವಳು ನಾನು. ಯಾವತ್ತೂ ಅದು ಆರದೆ ಉಳಿದದ್ದಿಲ್ಲ. ಆದರೂ ಓಡುತ್ತೇನೆ. ನಮ್ಮ ನಾಟಕ ತಂಡದವರು ನನಗೆ ಗಾಬರಿ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ಅವರ ವೇಷದ ಬಟ್ಟೆಗಳಿಗೆಲ್ಲ ಪುಕ್ಕಟೆ ಇಸ್ತ್ರಿ ಹಾಕುವವಳೂ ಅದೇ ಗಾಬರಿ ಅಕ್ಕ.

ತಂಡದಲ್ಲಿ ನನ್ನ ಇನ್ನೊಂದು ಕೆಲಸ ಪ್ರಾಂಪ್ಟ್ ಮಾಡುವುದು. ರಂಗದ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡಬೇಕು. ನನಗೆ ಹೇಳಿ ಮಾಡಿಸಿದ ಜಾಗ ಅದು, ಅಲ್ಲಿ ನಿಂತವರು ಯಾರಿಗೂ ಕಾಣುವುದಿಲ್ಲ. ಒಮ್ಮೆ ನನ್ನನ್ನೂ ರಂಗಕ್ಕೆ ತಳ್ಳಿದ್ದರು, "ಟೀ ತಂದಿದ್ದೀನಿ" ಎಂಬ ಒಂದೇ ಒಂದು ಮಾತಿಗೆ. ಕೈಕಾಲು ನಡುಗಿ, ಮಾತು ಹೊರಡುವ ಮೊದಲೇ ಟೀ ಚೆಲ್ಲಿತ್ತು. ಆಮೇಲೆ ಯಾರೂ ತಳ್ಳುವ ಸುದ್ದಿಗೆ ಬರಲಿಲ್ಲ.

ನಮ್ಮಲ್ಲಿ ಮುಖ್ಯ ಪಾತ್ರ ಯಾವಾಗಲೂ ಮೂಲೆ ಅಂಗಡಿಯ ದರ್ಜಿಯದೇ. ನೋಡಲು ಚೆನ್ನ, ದನಿ ಇನ್ನೂ ಚೆನ್ನ. ತಕ್ಷಣಕ್ಕೆ ಸ್ವಂತ ಮಾತು ಸೇರಿಸುವುದರಲ್ಲಿ ಎತ್ತಿದ ಕೈ. ಆದರೆ ಬರೆದ ಮಾತನ್ನು ಬಾಯಿಪಾಠ ಮಾಡು ಎಂದರೆ ಮಾತ್ರ ಅವನಿಗಾಗದು. "ನೀನಿದ್ದೀಯಲ್ಲಕ್ಕ, ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ" ಎನ್ನುತ್ತಾನೆ. ನಾನು ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದರೆ ಸಾಕು, ನಡುವೆ ತಲೆಗೆ ಹೋಗದೆ ನೇರ ಬಾಯಿಂದ ಹೊರಬರುತ್ತದೆ. ಅದಕ್ಕೇ ಅವನು ನಮಗೆಲ್ಲ ಗಿಣಿ. ಹಿಂದೊಮ್ಮೆ ಅವನು ರಾಜನಾಗಿದ್ದಾಗ ನನ್ನ ಕಾಲ ಮೇಲೆ ಜಿರಳೆ ಹತ್ತಿ, "ಅಯ್ಯೋ ಜಿರಳೆ" ಎಂದುಬಿಟ್ಟೆ. ರಾಜ ಸಿಂಹಾಸನದಿಂದೆದ್ದು, ಶತ್ರುಗಳು ಕೋಟೆ ಬಾಗಿಲಿಗೆ ಬಂದರೆಂಬ ಗತ್ತಿನಲ್ಲಿ ಕೈಯೆತ್ತಿ, "ಅಯ್ಯೋ ಜಿರಳೆ" ಎಂದ. ಮೇಷ್ಟ್ರು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಮೇಷ್ಟ್ರು ಅಂದರೆ ನಮ್ಮ ನಿರ್ದೇಶಕರು. ಹಗಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ಸಂಜೆ ನಮ್ಮನ್ನು ತಿದ್ದುತ್ತಾರೆ. ಏನೇ ಆಗಲಿ, ಆಟ ನಿಲ್ಲಬಾರದು ಎಂಬುದು ಅವರ ನಿಯಮ. ಒಂದು ಸಲ ಟೀ ಅಂಗಡಿಯವನು ದಾರಿ ತಪ್ಪಿ, ಕೆಟಲ್ಲು ಹಿಡಿದುಕೊಂಡು ರಂಗದ ಮಧ್ಯಕ್ಕೇ ಬಂದಿದ್ದ. ಗಿಣಿ ಕಣ್ಣು ಮಿಟುಕಿಸದೆ "ಬಾ ಅಳಿಯ, ಈಗ ಬಂದ್ಯಾ" ಎಂದು ಅವನನ್ನು ಕೂರಿಸಿಕೊಂಡು ದೃಶ್ಯ ಮುಗಿಸಿದ. ನೋಡಿದವರಿಗೆ ಗೊತ್ತೇ ಆಗಲಿಲ್ಲ. ತಂಡ ಹುಟ್ಟಿದ ಮೇಲೆ ಆಟ ನಿಲ್ಲಿಸಿದವಳು ನಾನೊಬ್ಬಳೇ. ಹೋದ ನಾಟಕದಲ್ಲಿ ಮನೆ ಸುಡುವ ದೃಶ್ಯಕ್ಕೆಂದು ಬಿಟ್ಟ ಹೊಗೆಯನ್ನು ನೋಡಿ, ನಿಜವಾಗಿಯೂ ಬೆಂಕಿ ಬಿತ್ತೆಂದು ಹೆದರಿ ಪರದೆ ಇಳಿಸಿಬಿಟ್ಟೆ. ಅಂದಿನಿಂದ ಪರದೆಯ ಹಗ್ಗ ರಂಗದ ಆಚೆ ಬದಿಗೆ, ಮೇಷ್ಟ್ರ ಕೈಗೆ ಹೋಯಿತು.

ಈ ಸಲದ್ದು ನಗೆನಾಟಕ. ಗಿಣಿ ಜಿಪುಣ ಮನೆ ಮಾಲೀಕ. ಬಾಡಿಗೆಗಿರುವ ಹುಡುಗಿ ಮನೆಯ ರಿಪೇರಿ ಮಾಡಿಸಿಕೊಡು ಎಂದು ಜಗಳಕ್ಕೆ ಬಂದಿರುತ್ತಾಳೆ. ಅಷ್ಟರಲ್ಲಿ ಅವನ ಮೇಲಧಿಕಾರಿ ಹೆಂಡತಿಯ ಜೊತೆ ಬಾಗಿಲು ತಟ್ಟುತ್ತಾನೆ. ಮರ್ಯಾದೆ ಹೋಗುತ್ತದೆಂದು ಇವನು ಹುಡುಗಿಯನ್ನು ಬೀರುವಿನೊಳಗೆ ನೂಕಿ, ಬೀಗ ಜಡಿದು, ಬೀಗದ ಕೈಯನ್ನು ಕಿಟಕಿಯಾಚೆ ಎಸೆಯುತ್ತಾನೆ. ಅತಿಥಿಗಳು ಸೋಫಾದಲ್ಲಿ ಕೂತು ಟೀ ಕುಡಿಯುತ್ತಿದ್ದರೆ ಒಳಗಿನಿಂದ ಹುಡುಗಿ ಬಡಿಯುತ್ತಾಳೆ, ಉಸಿರು ಕಟ್ತಿದೆ ಎಂದು ಕೂಗುತ್ತಾಳೆ. ಪ್ರತಿ ಸಲವೂ ಇವನು ಹಲ್ಲು ಕಿರಿದು "ಇಲಿ ಸರ್, ಇಲಿ" ಎನ್ನುತ್ತಾನೆ. ಇದೇ ಹಾಸ್ಯ.

ಆ ಹುಡುಗಿ ನನ್ನ ತಂಗಿ. ನನಗಿಂತ ಬಹಳ ಚಿಕ್ಕವಳು, ಅಮ್ಮ ಹೋದ ಮೇಲೆ ನಾನೇ ಎತ್ತಿ ಆಡಿಸಿ ಬೆಳೆಸಿದ್ದು. ನನ್ನ ಹೆದರಿಕೆಯಲ್ಲಿ ಒಂದು ಚೂರೂ ಅವಳಿಗೆ ಬಂದಿಲ್ಲ, ಬಂದಿರುವುದು ಉಬ್ಬಸ. ಧೂಳು, ಹೊಗೆ, ಬಣ್ಣದ ವಾಸನೆ ಯಾವುದೂ ಆಗದು. ಬಾಯಿಗಿಟ್ಟು ಎಳೆದುಕೊಳ್ಳುವ ಪುಟ್ಟ ಪಂಪಿಲ್ಲದೆ ಅವಳನ್ನು ನಾನು ಬೀದಿ ದಾಟಲು ಬಿಡುವುದಿಲ್ಲ. ಬೀರುವಿನ ಪಾತ್ರ ಎಂದ ಕೂಡಲೇ ಬೇಡವೆಂದು ರಂಪ ಮಾಡಿದ್ದೆ. ಆಗ ನಮ್ಮ ತಂಡದ ಬಡಗಿ ಪ್ಲೈವುಡ್ಡಿನ ಬೀರುವಿಗೆ ಹಿಂದಿನಿಂದ ಒಂದು ಬಾಗಿಲಿಟ್ಟುಕೊಟ್ಟ. ಮುಂದಿನಿಂದ ಒಳಗೆ ಹೋದವಳು ತಕ್ಷಣ ಹಿಂದಿನಿಂದ ಹೊರಬಂದು, ಕಪ್ಪು ಪರದೆಯ ಹಿಂದಿನ ಓಣಿಯಲ್ಲಿ ಸ್ಟೂಲಿನ ಮೇಲೆ ಕೂತು, ಅಲ್ಲಿಂದಲೇ ಬೀರು ಬಡಿಯಬೇಕು. ಸ್ಟೂಲಿನ ಪಕ್ಕದಲ್ಲಿ ನೀರಿನ ಬಾಟಲಿ, ಪಂಪು. ರಿಹರ್ಸಲ್ಲಿನಲ್ಲಿ ಬಡಿಯುತ್ತ ಬಡಿಯುತ್ತ ನನ್ನ ಕಡೆ ನೋಡಿ ಮೂತಿ ಸೊಟ್ಟ ಮಾಡುತ್ತಿದ್ದಳು. ನನಗೂ ಸಮಾಧಾನವಾಯಿತು.

ಆಟದ ದಿನ ಸಂಜೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀರುವಿನ ಬಾಗಿಲು ತೆಗೆದಾಗ ಒಳಗೆ ಬರೀ ಮರ ಕಾಣುತ್ತದೆಂದು ಮೇಷ್ಟ್ರು ಬೆಳಿಗ್ಗೆಯೇ ಒಳಗೂ ಬಣ್ಣ ಬಳಿಸಿದ್ದರು. ನಾನು ಮೂಗಿಟ್ಟು ನೋಡಿ ತಕರಾರು ತೆಗೆದೆ.

"ಇನ್ನೂ ವಾಸನೆ ಇದೆ ಮೇಷ್ಟ್ರೇ."

"ಅವಳೇನು ಒಳಗೆ ಸಂಸಾರ ಮಾಡ್ತಾಳಾ? ಹೀಗೆ ಹೋಗಿ ಹಾಗೆ ಬರ್ತಾಳೆ. ನೀನು ನಿನ್ನ ಪುಸ್ತಕ ನೋಡ್ಕೋ."

ತಂಗಿ ಕನ್ನಡಿಯ ಮುಂದೆ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತ ನಕ್ಕಳು. "ಅಕ್ಕಾ, ನೀನು ಇಷ್ಟು ಹೆದರಿದ್ರೆ ನನ್ನ ಪಾಲಿಗೆ ಹೆದರಿಕೆ ಎಲ್ಲಿ ಉಳಿಯತ್ತೆ, ಹೇಳು" ಎಂದಳು. ನಾನು ಪಂಪನ್ನು ಸ್ಟೂಲಿನ ಮೇಲಿಟ್ಟು, ಹಿಂದಿನ ಬಾಗಿಲನ್ನು ತೆಗೆದು ಮುಚ್ಚಿ ನೋಡಿ, ಬಣ್ಣದ ಕೋಣೆಯಲ್ಲಿ ಉಳಿದವರ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಮುಗಿಸಿ, ಪರದೆ ಏಳುವ ಹೊತ್ತಿಗೆ ನನ್ನ ಜಾಗಕ್ಕೆ ಬಂದೆ.

ಪರದೆ ಎದ್ದಿತು. ಗಿಣಿ ಅಂದು ಒಳ್ಳೆ ಹುರುಪಿನಲ್ಲಿದ್ದ. ನನ್ನ ತಂಗಿ ಜಗಳವಾಡಿದಳು, ಬಾಗಿಲು ಸದ್ದಾಯಿತು, ಅವಳನ್ನು ಬೀರುವಿನೊಳಗೆ ನೂಕಿದ್ದಾಯಿತು. ಬೀಗ ಕಟಕ್ಕೆಂದಿತು. ಬೀಗದ ಕೈ ಕಿಟಕಿಯಾಚೆ ಹಾರಿ ಕತ್ತಲಲ್ಲೆಲ್ಲೋ ಬಿತ್ತು. ಅತಿಥಿಗಳು ಬಂದು ಸೋಫಾದಲ್ಲಿ ಕೂತರು. ಆಗಲೇ ನನಗೆ ಕಂಡದ್ದು, ಸೋಫಾ ನಮ್ಮ ಹಳೆಯದಲ್ಲ. ಊರಿನ ಹಲ್ಲಿನ ಡಾಕ್ಟರು ಕೊನೆ ಗಳಿಗೆಯಲ್ಲಿ ಕಳಿಸಿಕೊಟ್ಟಿದ್ದ ದೊಡ್ಡ ಸೋಫಾ. ಚೆನ್ನಾಗಿದೆ ಅಂದುಕೊಂಡೆ, ಅಷ್ಟೆ.

ಮೊದಲ ಬಡಿತ ಬಂತು. ಪುಸ್ತಕದಲ್ಲಿ ಅದಕ್ಕಿನ್ನೂ ಸಮಯವಿತ್ತು. ಅಧಿಕಾರಿ ಟೀ ಲೋಟ ಎತ್ತಿಯೂ ಇರಲಿಲ್ಲ. ಗಿಣಿ ಒಂದು ಕ್ಷಣ ತಡವರಿಸಿ, "ನೋಡಿ ಸರ್, ನಿಮಗಿಂತ ಮೊದಲು ನಮ್ಮನೆ ಇಲಿಗೇ ಟೀ ಬೇಕಂತೆ" ಎಂದ. ಸಭೆ ಹೋ ಎಂದು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರೂ ಜೋರಾಗಿಯೇ ನಕ್ಕುಬಿಟ್ಟೆ.

ಮತ್ತೆ ಬಡಿತ. "ತೆಗೀರಿ, ಉಸಿರು ಕಟ್ತಿದೆ." ಪುಸ್ತಕದಲ್ಲಿ ಇದ್ದ ಮಾತೇ, ಆದರೆ ಜಾಗ ತಪ್ಪಿತ್ತು. ಅವಳು ಜಾಗ ತಪ್ಪುವವಳಲ್ಲ. ಗಿಣಿ ಇನ್ನೇನೋ ಸೇರಿಸಿದ, ಜನ ಚಪ್ಪಾಳೆ ತಟ್ಟಿದರು. ನಾನು ಕತ್ತು ಚಾಚಿ ಓಣಿಯ ಕಡೆ ನೋಡಿದೆ. ಅವಳ ಸೊಟ್ಟ ಮೂತಿ ಕಾಣಬೇಕಿತ್ತು, ಕಾಣಲಿಲ್ಲ. ಸ್ಟೂಲು ಓಣಿಯ ಬಾಯಲ್ಲೇ, ನನ್ನ ಕೈಗೆಟಕುವಷ್ಟು ಹತ್ತಿರ, ಗೋಡೆಯ ಪಕ್ಕ ನಿಂತಿತ್ತು. ಯಾರೋ ಅದನ್ನು ಎತ್ತಿ ಆಚೆಗಿಟ್ಟಿದ್ದರು. ಅದರ ಮೇಲೆ ಬಾಟಲಿ ಇತ್ತು, ಪಂಪೂ ಇತ್ತು.

ಪಂಪನ್ನು ಕಿತ್ತುಕೊಂಡು ಓಣಿಯೊಳಗೆ ನುಗ್ಗಿದೆ. ಓಣಿ ಇರಲಿಲ್ಲ. ದೊಡ್ಡ ಸೋಫಾ ಹಿಡಿಯಲೆಂದು ಬೀರುವನ್ನು ಹಿಂದಕ್ಕೆ ದೂಡಿದ್ದರು, ಪೂರಾ ಗೋಡೆಯವರೆಗೆ. ನಡುವೆ ಕಪ್ಪು ಪರದೆ ಸಿಕ್ಕಿಕೊಂಡು ಹಿಂಡಿಹೋಗಿತ್ತು. ಬೆರಳು ತೂರಿಸಲೂ ಸಂದಿಯಿಲ್ಲ. ಹಿಂದಿನ ಬಾಗಿಲು ಗೋಡೆಗೆ ಅಂಟಿ ನಿಂತಿದೆ, ಮುಂದಿನದಕ್ಕೆ ಬೀಗ, ಒಳಗೆ ಹಸಿ ಬಣ್ಣ, ಅದರ ನಡುವೆ ನನ್ನ ತಂಗಿ. ಭುಜ ಕೊಟ್ಟು ನೂಕಿದೆ, ಕದಲಲಿಲ್ಲ. ನಾನು ನೂಕಿದ ಸದ್ದಿಗೂ ಆಚೆ ಜನ ನಕ್ಕರು.

ವಾಪಸು ಬಂದು ರಂಗದ ಆಚೆ ಬದಿಯಲ್ಲಿ ನಿಂತಿದ್ದ ಮೇಷ್ಟ್ರಿಗೆ ಎರಡೂ ಕೈ ಬೀಸಿದೆ. ಪರದೆ, ಪರದೆ ಇಳಿಸಿ ಎಂದು ಸನ್ನೆ ಮಾಡಿದೆ. ಅವರು ನನ್ನನ್ನು ನೋಡಿದರು. ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಸುಮ್ಮನಿರು ಎಂದು ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಹೆಬ್ಬೆರಳೆತ್ತಿ ತೋರಿಸಿ ನಕ್ಕರು. ಚೆನ್ನಾಗಿ ಬರುತ್ತಿದೆಯಂತೆ.

ಸುತ್ತಿಕೊಂಡು ಹೋಗಿ ಅವರ ಕೈ ಹಿಡಿಯೋಣವೆಂದರೆ ಓಣಿ ಮುಚ್ಚಿದೆ, ಸಭಾಂಗಣದ ಹೊರಗಿನಿಂದ ಹೋಗಬೇಕು, ಅಷ್ಟರೊಳಗೆ ಏನು ಬೇಕಾದರೂ ಆಗಬಹುದು. ನೇರ ರಂಗಕ್ಕೆ ನುಗ್ಗಿದರೆ? ಹೋಗುತ್ತಿದ್ದೆ, ಆಣೆಗೂ ಹೋಗುತ್ತಿದ್ದೆ. ತಡೆದದ್ದು ಟೀ ಅಂಗಡಿಯವನ ನೆನಪು. ನಾನು ಹೋಗಿ ತಂಗಿ ಸಾಯ್ತಿದ್ದಾಳೆ ಎಂದು ಬಾಯಿ ಬಡಿದುಕೊಂಡರೆ, ಗಿಣಿ "ಬನ್ನಿ ಅತ್ತೆ, ಈಗ ಬಂದ್ರಾ" ಎನ್ನುತ್ತಾನೆ. ನಾನು ಕೂಗಿದಷ್ಟೂ ಅವನು ಸೇರಿಸುತ್ತಾನೆ, ಜನ ನಗುತ್ತಾರೆ. ನನ್ನ ಕೂಗೂ ಅವಳ ಬಡಿತದ ಹಾಗೆಯೇ ಆಟವಾಗಿಬಿಡುತ್ತದೆ.

ಅಷ್ಟರಲ್ಲಿ ಬಡಿತ ನಿಂತಿತು.

ಅಲ್ಲಿಯವರೆಗೆ ನನಗಿದ್ದದ್ದು ಹೆದರಿಕೆಯೇ ಅಲ್ಲ ಎಂದು ಆಗ ತಿಳಿಯಿತು. ಗಿಣಿ ಮುಂದಿನ ಬಡಿತಕ್ಕೆ ಕಾಯುತ್ತ, ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಬಡಿತ ಬರಲಿಲ್ಲ. ಅವನಿಗೆ ಮುಂದಿನ ಮಾತೇನೆಂದು ಗೊತ್ತಿಲ್ಲ, ಯಾವತ್ತೂ ಗೊತ್ತಿರುವುದಿಲ್ಲ. ವಾಡಿಕೆಯಂತೆ ಕತ್ತನ್ನು ಚೂರು ನನ್ನ ಕಡೆ ವಾಲಿಸಿ, ಕಿವಿ ಕೊಟ್ಟ.

ನಾನು ಪುಸ್ತಕ ಮುಚ್ಚಿದೆ. ದನಿ ನಡುಗಬಾರದು, ಎಂದಿನ ಹಾಗೆ ಇರಬೇಕು, ಇಲ್ಲದಿದ್ದರೆ ಅವನಿಗೆ ಕೇಳಿಸದು. ಒಂದು ಉಸಿರು ಎಳೆದುಕೊಂಡು ಪಿಸುಗುಟ್ಟಿದೆ. "ಅದು ಇಲಿಯಲ್ಲ."

"ಅದು ಇಲಿಯಲ್ಲ," ಎಂದ ಗಿಣಿ, ಎದೆಯ ಮೇಲೆ ಕೈಯಿಟ್ಟುಕೊಂಡು. ಜನ ಕಿಸಕ್ಕೆಂದರು. ಅತಿಥಿಗಳಿಬ್ಬರೂ ಮುಖ ಮುಖ ನೋಡಿಕೊಂಡರು, ಅವರ ಪಾಠದಲ್ಲಿ ಇದಿರಲಿಲ್ಲ.

"ಒಳಗೆ ಹುಡುಗಿ ಇದ್ದಾಳೆ."

"ಒಳಗೆ ಹುಡುಗಿ ಇದ್ದಾಳೆ." ಹಿಂದಿನ ಸಾಲಿನಿಂದ ಸಿಳ್ಳೆ ಬಂತು.

"ಬೀರು ಗೋಡೆಗೆ ಅಂಟಿದೆ. ಅವಳಿಗೆ ಉಬ್ಬಸ. ಪಂಪು ನನ್ನ ಕೈಲಿದೆ. ನನ್ನ ತಂಗಿ ಸಾಯ್ತಿದ್ದಾಳೆ."

"ಬೀರು ಗೋಡೆಗೆ ಅಂಟಿದೆ," ಎಂದ ಗಿಣಿ ಗಂಭೀರವಾಗಿ. "ಅವಳಿಗೆ ಉಬ್ಬಸ. ಪಂಪು ನನ್ನ ಕೈಲಿದೆ." ತನ್ನ ಖಾಲಿ ಕೈಯನ್ನು ಎತ್ತಿ ತೋರಿಸಿ ನೋಡಿಕೊಂಡ. "ನನ್ನ ತಂಗಿ..." ಎಂದವನು ಅಲ್ಲಿಗೇ ನಿಂತ. ಅವನಿಗೆ ತಂಗಿಯಿಲ್ಲ. ನನ್ನ ಮಾತು ಮೊದಲ ಬಾರಿಗೆ ಅವನ ತಲೆಗೆ ಹೋಗುವುದನ್ನು ಕಂಡೆ. ಬಣ್ಣ ಹಚ್ಚಿದ ಮುಖದೊಳಗಿಂದ ನಿಜವಾದ ಮುಖ ನನ್ನ ಕಡೆ ತಿರುಗಿತು. ನಾನು ಪಂಪನ್ನು ಎತ್ತಿ ತೋರಿಸಿದೆ.

ಗಿಣಿ ಹಲ್ಲಿನ ಡಾಕ್ಟರ ಸೋಫಾವನ್ನು ಕಾಲಿನಿಂದ ಒದ್ದು, ಟೀ ಲೋಟಗಳ ಮೇಲೆಯೇ ನಡೆದು, ಬೀರುವಿನ ಬಾಗಿಲಿಗೆ ಭುಜ ಕೊಟ್ಟು ಗುದ್ದಿದ. ಅಧಿಕಾರಿಯ ವೇಷದವನು ಕುರ್ಚಿ ಎತ್ತಿಕೊಂಡು ಬಂದ. ಪ್ಲೈವುಡ್ಡು ಸೀಳಿತು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ತಂಗಿ ಬಟ್ಟೆಯ ಗಂಟಿನ ಹಾಗೆ ಮುಂದಕ್ಕೆ ಬಿದ್ದಳು. ತುಟಿ ನೀಲಿಗಟ್ಟಿತ್ತು, ಬೆರಳಿನ ಗೆಣ್ಣುಗಳಿಗೆಲ್ಲ ಹಸಿ ಬಣ್ಣ, ರಕ್ತ. ನಾನು ಯಾವಾಗ ರಂಗದ ಮೇಲೆ ಬಂದೆನೋ ತಿಳಿಯದು. ಇಷ್ಟು ಜನರ ಕಣ್ಣೆದುರು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಪಂಪು ಒತ್ತಿ ಹಿಡಿದಿದ್ದೆ. "ಎಳ್ಕೋ ಪುಟ್ಟಿ, ಎಳ್ಕೋ" ಎಂದು ಅದೊಂದನ್ನೇ ಹೇಳುತ್ತಿದ್ದೆ. ಕೈ ನಡುಗಲಿಲ್ಲ.

ಪರದೆ ಇಳಿಯಿತು. ಮೇಷ್ಟ್ರು ಓಡಿ ಬಂದರು. ಬೀರುವನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು. "ನಾನೇ ದೂಡಿಸಿದ್ದು," ಎಂದರು. "ಸೋಫಾ ಕೂರಲಿಲ್ಲ, ಅದಕ್ಕೆ." ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ಮೇಲೆ ಬಂದು ನಾಡಿ ಹಿಡಿದು, ಆಸ್ಪತ್ರೆಗೆ ಫೋನ್ ಮಾಡಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ತೆಗೆಸಿದರು. ಗಿಣಿ ಗೋಡೆಗೊರಗಿ ನಿಂತು ಮಗುವಿನ ಹಾಗೆ ಅಳುತ್ತಿದ್ದ. "ನಾನು ಇಲಿ ಅಂದೆನಲ್ಲಕ್ಕ, ಇಲಿ ಇಲಿ ಅಂತಿದ್ದೆನಲ್ಲ" ಎನ್ನುತ್ತಿದ್ದ.

ಅವಳ ಎದೆ ಸಿಳ್ಳೆ ಹೊಡೆಯುತ್ತ ಏಳತೊಡಗಿತು. ತುಟಿಗೆ ನಿಧಾನವಾಗಿ ಬಣ್ಣ ಬಂತು. ಕಣ್ಣು ತೆರೆದು ನನ್ನನ್ನು ನೋಡಿದಳು. ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು.

"ಬಡಿದಾಗೆಲ್ಲ ನಗ್ತಿದ್ರು ಅಕ್ಕ."

"ಮಾತಾಡಬೇಡ ಈಗ."

"ಮೊದಲ್ನೇ ಸಲ ಬಡಿದಾಗ ನೀನೂ ನಕ್ಕೆ. ನಂಗೆ ಕೇಳಿಸ್ತು." ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಎಳೆದುಕೊಂಡಳು. "ನಿನ್ನ ನಗು ಕೇಳಿದ ಮೇಲೇ ನಂಗೆ ಹೆದರಿಕೆ ಆಗಿದ್ದು."

ಎಲ್ಲರಿಗೂ ಮಾತು ಎತ್ತಿಕೊಡುವ ನನಗೆ ಎತ್ತಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಅವಳ ಬಣ್ಣ ಮೆತ್ತಿದ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪರದೆಯ ಆಚೆಗೆ ಜನ ಇನ್ನೂ ಕಾಲು ಕುಟ್ಟುತ್ತ ಒನ್ಸ್ ಮೋರ್ ಎಂದು ಕೂಗುತ್ತಿದ್ದರು.